1945ರ ನವೆಂಬರಿನಲ್ಲಿ ಅಮೆರಿಕದ ಸೇನೆ ದಕ್ಷಿಣದ ಕ್ಯೂಷೂ ದ್ವೀಪದಲ್ಲಿ ಇಳಿದಿದ್ದರೆ, ಹತ್ತು ವರ್ಷಗಳ ಬಳಿಕ ಜಪಾನಿನ ಸಮಾಜ ಹೇಗಿರುತ್ತಿತ್ತು?

ಶರಾವತಿ ತೀರ:
ಮಿತ್ರರೇ, ಎರಡು ವರ್ಷಗಳಿಂದ ಒಂದು ಕಾದಂಬರಿಯ ಕರಡು ನನ್ನ ಮೇಜಿನ ಮೇಲಿದೆ. 1945ರ ಆಗಸ್ಟ್ 14ರ ರಾತ್ರಿ ಟೋಕಿಯೊದ ಅರಮನೆಯನ್ನು ವಶಪಡಿಸಿಕೊಂಡ ಬಂಡುಕೋರ ಅಧಿಕಾರಿಗಳು ಚಕ್ರವರ್ತಿಯ ಶರಣಾಗತಿಯ ಮಾತುಗಳನ್ನು ಮುದ್ರಿಸಿದ್ದ ಗ್ರಾಮಫೋನ್ ತಟ್ಟೆಗಳಿಗಾಗಿ ಎಷ್ಟು ಹುಡುಕಿದರೂ ಅವು ಸಿಗಲಿಲ್ಲ. ನನ್ನ ಕತೆಯಲ್ಲಿ ಅವು ಸಿಗುತ್ತವೆ. ಮರುದಿನ ಮಧ್ಯಾಹ್ನ ರೇಡಿಯೊ ಸುಮ್ಮನಿರುತ್ತದೆ, ಯುದ್ಧ ಮುಂದುವರಿಯುತ್ತದೆ. ನವೆಂಬರ್ 1ಕ್ಕೆ ದಕ್ಷಿಣ ಕ್ಯೂಷೂವಿನಲ್ಲಿಯೂ 1946ರ ಮಾರ್ಚ್ 1ಕ್ಕೆ ಟೋಕಿಯೊ ಸುತ್ತಲಿನ ಕಾಂತೋ ಬಯಲಿನಲ್ಲಿಯೂ ಇಳಿಯಬೇಕೆಂಬ ಅಮೆರಿಕದ ಯೋಜನೆ ನನ್ನ ಕತೆಯಲ್ಲಿ ನಡೆದೇ ಹೋಗುತ್ತದೆ.

ಯುದ್ಧದ ಅಧ್ಯಾಯಗಳು ನನಗೆ ಕಷ್ಟವಾಗಲಿಲ್ಲ. ತೊಡಕಿರುವುದು ಅದರ ನಂತರದಲ್ಲಿ. ಕಾಲ 1955, ಸ್ಥಳ ಕಾಗೋಶಿಮಾ ಪ್ರಾಂತ್ಯದ ಶಿಬುಶಿ ಎಂಬ ಬಂದರಿನ ಊರು, ನಾಯಕಿ ಒಬ್ಬ ಶಾಲಾ ಶಿಕ್ಷಕಿ. ಈಗಿನ ಕರಡಿನಲ್ಲಿ ಕಾರ್ಖಾನೆಗಳು ಎದ್ದಿವೆ, ರೈಲುಗಳು ಓಡುತ್ತಿವೆ. ನಿಜವಾದ ಜಪಾನು ಚೇತರಿಸಿಕೊಂಡ ಹಾಗೆಯೇ, ಆದರೆ ಐದಾರು ವರ್ಷ ತಡವಾಗಿ. ಓದಿದ ಗೆಳತಿಯೊಬ್ಬರು "ಇದನ್ನು ನಂಬಲಾಗುವುದಿಲ್ಲ" ಎಂದುಬಿಟ್ಟರು. ಎಲ್ಲಿ ತಪ್ಪಿದ್ದೇನೆ ಎಂಬುದನ್ನು ದಯವಿಟ್ಟು ತಿಳಿಸಿ.

ಹಳೆಯ ನಕಾಶೆ:
ಮೊದಲ ತಪ್ಪು ಊರಿನ ಆಯ್ಕೆಯಲ್ಲಿಯೇ ಇದೆ. ಅಮೆರಿಕದ ಯೋಜನೆಯಲ್ಲಿ ಕ್ಯೂಷೂವಿಗೆ ಇಳಿಯಲು ಗುರುತಿಸಿದ್ದ ಮೂರು ಕಡೆಗಳೆಂದರೆ ಮಿಯಾಜಾಕಿಯ ಕರಾವಳಿ, ಸಾತ್ಸುಮಾ ಪರ್ಯಾಯದ್ವೀಪದ ಪಶ್ಚಿಮದಲ್ಲಿರುವ ಕುಶಿಕಿನೋ ಬಳಿಯ ದಡ, ಮತ್ತು ಅರಿಯಾಕೆ ಕೊಲ್ಲಿ. ಈ ಕೊಲ್ಲಿಯನ್ನೇ ಇಂದು ಶಿಬುಶಿ ಕೊಲ್ಲಿ ಎನ್ನುತ್ತಾರೆ. ನಿಮ್ಮ ಶಿಕ್ಷಕಿಯ ಊರು ಯುದ್ಧನೌಕೆಗಳ ಫಿರಂಗಿಗಳಿಗೆ ನೇರ ಎದುರಾಗಿ ಕುಳಿತಿದೆ. 1955ರಲ್ಲಿ ಅಲ್ಲಿ ಹಳೆಯ ಶಾಲೆಯ ಗೋಡೆಯೂ ಉಳಿದಿರುವುದಿಲ್ಲ.

ಎರಡನೆಯದಾಗಿ, ಇಡೀ ಕ್ಯೂಷೂವನ್ನು ಗೆಲ್ಲುವ ಉದ್ದೇಶ ಆ ಯೋಜನೆಗೆ ಇರಲಿಲ್ಲ. ಪೂರ್ವದ ತ್ಸುನೋದಿಂದ ಪಶ್ಚಿಮದ ಸೆಂದಾಯ್‌ವರೆಗೆ ಒಂದು ಗೆರೆ ಎಳೆದು, ಅದರ ದಕ್ಷಿಣದ ಮೂರನೇ ಒಂದು ಭಾಗವನ್ನು ಹಿಡಿದು, ಕಾಂತೋ ದಾಳಿಗೆ ಬೇಕಾದ ವಿಮಾನನೆಲೆಗಳನ್ನು ಅಲ್ಲಿ ಕಟ್ಟುವುದಷ್ಟೇ ಗುರಿ. ಹೀಗಾಗಿ ಒಂದೇ ದ್ವೀಪದಲ್ಲಿ ತಿಂಗಳುಗಟ್ಟಲೆ ಎರಡು ಆಡಳಿತಗಳಿರುತ್ತಿದ್ದವು. ಕತೆಗಾರರಿಗೆ ಇದಕ್ಕಿಂತ ಹೆಚ್ಚಿನ ಸಾಮಗ್ರಿ ಇನ್ನೇನು ಬೇಕು?

ಹವಾಮಾನವನ್ನೂ ಮರೆಯಬೇಡಿ. 1945ರ ಸೆಪ್ಟೆಂಬರ್ 17ರಂದು ಮಾಕುರಾಜಾಕಿ ಚಂಡಮಾರುತ ಇದೇ ಕಾಗೋಶಿಮಾದ ತುದಿಗೆ ಅಪ್ಪಳಿಸಿತು. ಅಕ್ಟೋಬರ್ 9ರಂದು ಇನ್ನೊಂದು ಚಂಡಮಾರುತ ಒಕಿನಾವಾದ ಕೊಲ್ಲಿಯಲ್ಲಿ ಲಂಗರು ಹಾಕಿದ್ದ ಅಮೆರಿಕದ ಹಡಗುಗಳನ್ನು ದಡಕ್ಕೆ ಎತ್ತಿ ಹಾಕಿತು. ಯುದ್ಧ ನಡೆಯುತ್ತಿದ್ದರೆ ಆ ಕೊಲ್ಲಿಯಲ್ಲಿ ಹಡಗುಗಳು ಇನ್ನಷ್ಟು ಕಿಕ್ಕಿರಿದಿರುತ್ತಿದ್ದವು. ನವೆಂಬರ್ 1 ಎಂಬ ದಿನಾಂಕ ಉಳಿಯುತ್ತಿತ್ತೆಂದು ನನಗೆ ಅನ್ನಿಸುವುದಿಲ್ಲ.

ಬಯಲುಸೀಮೆಯ ಓದುಗ:
ಸಾವಿನ ಸಂಖ್ಯೆಯಿಂದ ಆರಂಭಿಸದೆ ಚೇತರಿಕೆಯ ಮಾತಿಗೆ ಹೋಗುವುದು ಹೇಗೆ? ಅಮೆರಿಕ ತನ್ನ ಗಾಯಾಳುಗಳಿಗೆ ಕೊಡಲೆಂದು ಸುಮಾರು 5 ಲಕ್ಷ ಪದಕಗಳನ್ನು ಮಾಡಿಸಿಟ್ಟುಕೊಂಡಿತ್ತು, ಅವು ಮುಂದಿನ ಹಲವು ಯುದ್ಧಗಳಿಗೂ ಸಾಕಾದವು ಎನ್ನುತ್ತಾರೆ. 1945ರ ಜುಲೈನಲ್ಲಿ ಯುದ್ಧ ಇಲಾಖೆಗೆ ಸಲ್ಲಿಸಿದ ಒಂದು ಟಿಪ್ಪಣಿಯಲ್ಲಿ ಜಪಾನೀಯರ ಸಾವು 50 ಲಕ್ಷದಿಂದ 1 ಕೋಟಿಯವರೆಗೆ ಹೋಗಬಹುದೆಂಬ ಅಂದಾಜಿತ್ತು.

ಹಳೆಯ ನಕಾಶೆ:
ಅದೇ ವರ್ಷದ ಜೂನ್‌ನಲ್ಲಿ ಸೇನಾ ಯೋಜಕರ ಇನ್ನೊಂದು ಸಮಿತಿ ಎರಡೂ ದಾಳಿಗಳಿಗೆ ಸೇರಿಸಿ ಅಮೆರಿಕದ ಸತ್ತವರು, ಗಾಯಗೊಂಡವರು, ಕಾಣೆಯಾದವರೆಲ್ಲ ಕೂಡಿ 2 ಲಕ್ಷದೊಳಗೆ ಎಂದು ಲೆಕ್ಕ ಹಾಕಿತ್ತು. ಎರಡೂ ಊಹೆಗಳೇ, ಎರಡನ್ನೂ ಒಂದೊಂದು ವಾದಕ್ಕೆ ಬಳಸಿಕೊಂಡಿದ್ದಾರೆ. ಪ್ರಶ್ನೆ ಕೇಳಿದವರು ಬದುಕಿ ಉಳಿದವರ ಬಗ್ಗೆ ಕೇಳಿದ್ದಾರೆ. ನಾವು ಅಲ್ಲಿಯೇ ನಿಲ್ಲೋಣ.

ನಾಹಾದಲ್ಲಿ ನಾಲ್ಕು ವರ್ಷ:
ಕೆಲಸದ ನಿಮಿತ್ತ ನಾಲ್ಕು ವರ್ಷ ಒಕಿನಾವಾದಲ್ಲಿದ್ದವಳು ನಾನು. ಶರಾವತಿ ತೀರ ಅವರೇ, ಈ ಚರ್ಚೆಯನ್ನು ಓದುತ್ತಾ ನನಗೆ ಒಂದೇ ಮಾತು ಹೇಳಬೇಕೆನ್ನಿಸಿತು: ನೀವು ಊಹಿಸಲು ಹೊರಟಿರುವುದು ನಡೆದುಹೋಗಿದೆ. ಜಪಾನಿನ ಒಂದು ಪ್ರಾಂತ್ಯದ ಮೇಲೆ 1945ರ ಏಪ್ರಿಲ್ 1ರಿಂದ ಜೂನ್ ಕೊನೆಯವರೆಗೆ ಭೂಸೇನೆಯ ದಾಳಿ ನಡೆಯಿತು, ಅಲ್ಲಿನ ಜನರಲ್ಲಿ ಸರಿಸುಮಾರು ನಾಲ್ವರಿಗೆ ಒಬ್ಬರು ಸತ್ತರು, ಉಳಿದವರು ಏನನ್ನು ತಿಂದು ಹೇಗೆ ಬಾಳು ಕಟ್ಟಿಕೊಂಡರೆಂಬುದಕ್ಕೆ ದಾಖಲೆಗಳಿವೆ, ಸಾಕ್ಷಿಗಳಿವೆ. ಅದನ್ನು ಬಿಟ್ಟು ಟೋಕಿಯೊದ ಚೇತರಿಕೆಯನ್ನು ಐದು ವರ್ಷ ಮುಂದಕ್ಕೆ ತಳ್ಳಿದ್ದೀರಿ. ನಿಮ್ಮ ಗೆಳತಿ ನಂಬದಿರುವುದಕ್ಕೆ ಕಾರಣ ಇದೇ ಇರಬೇಕು.

ಟೋಕಿಯೊ, ಒಸಾಕಾ, ಹಿರೋಶಿಮಾಗಳು ಸುಟ್ಟುಹೋದರೂ ಅಲ್ಲಿ ರಾಜ್ಯದ ಯಂತ್ರ ನಿಂತಿರಲಿಲ್ಲ. ಆಗಸ್ಟ್ 15ರಂದು ರೈಲುಗಳು ಓಡುತ್ತಿದ್ದವು. ಹಿರೋಶಿಮಾದಲ್ಲಿ ಬಾಂಬು ಬಿದ್ದ ಮೂರೇ ದಿನಕ್ಕೆ ಟ್ರಾಮು ಒಂದಷ್ಟು ದೂರ ಚಲಿಸಿತು, ಎರಡೇ ದಿನಕ್ಕೆ ಅಲ್ಲಿನ ಕೇಂದ್ರ ಬ್ಯಾಂಕಿನ ಶಾಖೆ ಬಾಗಿಲು ತೆರೆಯಿತು. ಒಕಿನಾವಾದಲ್ಲಿ ಹಾಗಾಗಲಿಲ್ಲ. ಅಲ್ಲಿ ಸರ್ಕಾರವೆಂಬುದೇ ಇಲ್ಲವಾಯಿತು. ಬದುಕುಳಿದವರನ್ನೆಲ್ಲ ಅಮೆರಿಕದ ಸೇನೆ ಇಶಿಕಾವಾ ಮೊದಲಾದ ಶಿಬಿರಗಳಲ್ಲಿ ತುಂಬಿತು. 1946ರ ಏಪ್ರಿಲ್‌ವರೆಗೆ ಅಲ್ಲಿ ಹಣದ ಚಲಾವಣೆಯೇ ಇರಲಿಲ್ಲ. ದುಡಿದವರಿಗೆ ಕೂಲಿಯಿಲ್ಲ, ಪಡಿತರ ಮಾತ್ರ; ಉಳಿದ ವ್ಯವಹಾರಕ್ಕೆ ವಸ್ತುವಿಗೆ ವಸ್ತು, ಇಲ್ಲವೇ ಸಿಗರೇಟು.

ಎಲ್ಲಕ್ಕಿಂತ ಮುಖ್ಯವಾದದ್ದು ಕಾಗದ. ಒಕಿನಾವಾ ಮುಖ್ಯದ್ವೀಪದಲ್ಲಿ ಕೋಸೆಕಿ ಎಂಬ ಕುಟುಂಬ ದಾಖಲೆಯ ಪುಸ್ತಕಗಳು ಸುಟ್ಟುಹೋದವು, ಜಮೀನಿನ ದಾಖಲೆಗಳೂ ಹೋದವು. ನಮ್ಮ ಕಡೆ ಒಂದು ತಾಲ್ಲೂಕಿನ ಪಹಣಿ, ಖಾತೆ, ಜನನ ಮರಣದ ಪುಸ್ತಕ, ಎಲ್ಲವೂ ಒಟ್ಟಿಗೆ ಬೂದಿಯಾದರೆ ಏನಾಗುತ್ತದೆಂದು ಯೋಚಿಸಿ. ಅದರ ಮೇಲೆ ಬೇಲಿ, ಬದು, ಗುರುತಿನ ಮರ, ಗುಡ್ಡದ ಆಕಾರವೂ ಬದಲಾಗಿವೆ. 1946ರಿಂದ ಹಳ್ಳಿಗಳಲ್ಲಿ ಸಮಿತಿಗಳು ಕುಳಿತು, ಅಕ್ಕಪಕ್ಕದವರ ಬಾಯಿಮಾತಿನ ಆಧಾರದಲ್ಲಿ ಯಾರ ಹೊಲ ಎಲ್ಲಿತ್ತೆಂದು ಗುರುತಿಸಿದವು. ಒಡೆತನದ ಪತ್ರಗಳು ಕೈಗೆ ಬಂದದ್ದು 1951ರಲ್ಲಿ. ಒಂದು ಮನೆಯವರೆಲ್ಲರೂ ಸತ್ತಿದ್ದರೆ ಅವರು ಇದ್ದರೆಂದು ಹೇಳುವುದಕ್ಕೂ ನೆರೆಯವರ ನೆನಪೇ ಗತಿ. ನಿಮ್ಮ ಶಿಬುಶಿಯ ಚೇತರಿಕೆ ಕಾರ್ಖಾನೆಯಿಂದ ಆರಂಭವಾಗಲಾರದು, ಇಂತಹ ಜಗಲಿಯ ಪಂಚಾಯಿತಿಯಿಂದ ಆರಂಭವಾಗಬೇಕು.

ಬಯಲುಸೀಮೆಯ ಓದುಗ:
ಮೇಡಂ, ನಿಮ್ಮ ಅನುಭವಕ್ಕೆ ಗೌರವವಿದೆ, ಆದರೆ ಒಪ್ಪಲಾರೆ. ಒಕಿನಾವಾ ಚಿಕ್ಕ ದ್ವೀಪ, ಅದಕ್ಕೆ ಅನ್ನ ಹಾಕಲು ಅಮೆರಿಕದ ಒಂದು ಸೇನೆಯ ಉಗ್ರಾಣ ಸಾಕಾಗಿತ್ತು. ಜಪಾನಿನಲ್ಲಿ ಆಗ ಸುಮಾರು 7.2 ಕೋಟಿ ಜನರಿದ್ದರು. ಚಿಕ್ಕದರ ಲೆಕ್ಕವನ್ನು ದೊಡ್ಡದಕ್ಕೆ ಹಚ್ಚುವುದು ಹೇಗೆ?

ಭತ್ತದ ಕಣಜ:
ಹಚ್ಚಲಾಗುವುದಿಲ್ಲ, ಏಕೆಂದರೆ ದೊಡ್ಡ ದ್ವೀಪಗಳ ಗತಿ ಇನ್ನೂ ಕೆಟ್ಟದಾಗಿರುತ್ತಿತ್ತು. ನಾನು ಕೃಷಿ ಇಲಾಖೆಯಿಂದ ನಿವೃತ್ತನಾದವನು. ಆಹಾರದ ಕಡೆಯಿಂದ ಮಾತ್ರ ಹೇಳುತ್ತೇನೆ.

ಯುದ್ಧಕ್ಕೆ ಮೊದಲು ಜಪಾನು ತನ್ನ ಅಕ್ಕಿಯಲ್ಲಿ ಗಣನೀಯ ಪಾಲನ್ನು ಕೊರಿಯಾ ಮತ್ತು ತೈವಾನಿನಿಂದ ತರಿಸುತ್ತಿತ್ತು. 1945ರ ಮಾರ್ಚ್ ಕೊನೆಯಿಂದ ಅಮೆರಿಕದ ವಿಮಾನಗಳು ಬಂದರು, ಜಲಸಂಧಿಗಳಲ್ಲಿ ನೌಕಾಸ್ಫೋಟಕಗಳನ್ನು ಇಳಿಬಿಟ್ಟು ಆ ದಾರಿಯನ್ನು ಕಟ್ಟಿದವು. ಜುಲೈ ತಿಂಗಳಲ್ಲಿ ವಯಸ್ಕರ ದಿನದ ಪಡಿತರವನ್ನು 330 ಗ್ರಾಂಗಳಿಂದ 297 ಗ್ರಾಂಗಳಿಗೆ ಇಳಿಸಿದರು. ಆ ವರ್ಷ ಗೊಬ್ಬರವಿಲ್ಲ, ಆಳಿಲ್ಲ, ಬೇಸಿಗೆಯಲ್ಲಿ ಚಳಿ, ಮೇಲೆ ಚಂಡಮಾರುತ. ಭತ್ತದ ಬೆಳೆ ಸಾಮಾನ್ಯ ವರ್ಷದ ಸುಮಾರು ಮೂರನೇ ಎರಡರಷ್ಟಕ್ಕೆ ಕುಸಿಯಿತು. ಇಷ್ಟೆಲ್ಲ ಆದದ್ದು ಯುದ್ಧ ಆಗಸ್ಟಿನಲ್ಲಿ ಮುಗಿದ ನಮ್ಮ ಇತಿಹಾಸದಲ್ಲಿ. ಶಾಂತಿಯಿದ್ದೂ 1946ರ ಮೇ 19ರಂದು ಅನ್ನ ಕೊಡಿರೆಂದು ಲಕ್ಷಾಂತರ ಜನ ಅರಮನೆಯ ಎದುರು ಸೇರಿದರು. ಕಾಳಸಂತೆಯ ಆಹಾರ ಮುಟ್ಟುವುದಿಲ್ಲವೆಂದು ಹಟ ಹಿಡಿದ ಯಾಮಾಗುಚಿ ಯೋಶಿತಾದಾ ಎಂಬ ನ್ಯಾಯಾಧೀಶರು 1947ರ ಅಕ್ಟೋಬರಿನಲ್ಲಿ ಹಸಿವಿನಿಂದ ಸೊರಗಿ ತೀರಿಕೊಂಡರು. ಪಟ್ಟಣದವರು ಮೈಮೇಲಿನ ಕಿಮೋನೊಗಳನ್ನು ಒಂದೊಂದಾಗಿ ಹಳ್ಳಿಗೆ ಕೊಂಡೊಯ್ದು ಗೆಣಸಿಗೆ ಮಾರುತ್ತಿದ್ದ ಆ ಕಾಲವನ್ನು ಜಪಾನೀಯರು ಕಳಲೆಯ ಬಾಳು ಎಂದು ಕರೆದರು. ಕಳಲೆ ಸುಲಿದವರಿಗೆ ಆ ಹೋಲಿಕೆಯ ನೋವು ತಿಳಿಯುತ್ತದೆ: ಪದರದ ಒಳಗೆ ಪದರ, ಕೊನೆಗೆ ಉಳಿಯುವುದು ಅಂಗೈಯಷ್ಟು.

ಈಗ ಇದರ ಮೇಲೆ ದಾಳಿಯನ್ನು ಇಡಿ. ಆಗಸ್ಟಿನ ಹೊತ್ತಿಗೆ ಅಮೆರಿಕದ ವಾಯುಪಡೆಯ ಮುಂದಿನ ಗುರಿಗಳ ಪಟ್ಟಿಯಲ್ಲಿ ರೈಲುಮಾರ್ಗಗಳು ಮೇಲಕ್ಕೆ ಬಂದಿದ್ದವು. ಈಶಾನ್ಯದಲ್ಲಿ ಬೆಳೆದ ಅಕ್ಕಿ ಟೋಕಿಯೊ, ಒಸಾಕಾಗಳಿಗೆ ಬರುವುದು ರೈಲಿನಲ್ಲಿಯೇ, ಏಕೆಂದರೆ ಕರಾವಳಿಯ ಹಡಗುಗಳು ಮುಳುಗಿದ್ದವು. ಸೇತುವೆಗಳು ಬಿದ್ದರೆ ಗುಂಡಿಗಿಂತ ಹಸಿವೇ ಹೆಚ್ಚು ಜನರನ್ನು ಕೊಲ್ಲುತ್ತಿತ್ತು. 1946ರ ಚಳಿಗಾಲ ದಾಟಿ ಬದುಕುವವರು ಹಳ್ಳಿಯವರು ಮತ್ತು ಹಳ್ಳಿಯಲ್ಲಿ ನೆಂಟರಿದ್ದವರು. ಹೀಗಾಗಿ ನಿಮ್ಮ 1955ರ ಜಪಾನು ನಿಜವಾದ ಜಪಾನಿಗಿಂತ ಹೆಚ್ಚು ಹಳ್ಳಿಗಾಡಾಗಿರುತ್ತದೆ, ಪಟ್ಟಣಗಳು ಟೊಳ್ಳಾಗಿರುತ್ತವೆ, ಉಣ್ಣಲು ಕೊಟ್ಟವರಿಗೂ ಕೊಡದೆ ಕಳಿಸಿದವರಿಗೂ ನಡುವಿನ ಹಗೆ ಒಂದು ತಲೆಮಾರು ಉಳಿಯುತ್ತದೆ.

ಗಣಿ ದೀಪ:
ಅಕ್ಕಿಯಷ್ಟೇ ಮುಖ್ಯವಾದದ್ದು ಕಲ್ಲಿದ್ದಲು. ಜಪಾನಿನ ಕಲ್ಲಿದ್ದಲು ಬಹುಪಾಲು ಎರಡು ತುದಿಗಳಲ್ಲಿ, ಅಂದರೆ ಹೊಕ್ಕಾಯ್ಡೊ ಮತ್ತು ಉತ್ತರ ಕ್ಯೂಷೂಗಳಲ್ಲಿ ಇದೆ. 1945ರ ಜುಲೈ ಮಧ್ಯದಲ್ಲಿ ಅಓಮೋರಿ ಮತ್ತು ಹಾಕೋದಾತೆ ನಡುವೆ ರೈಲುಡಬ್ಬಿಗಳನ್ನು ಸಾಗಿಸುತ್ತಿದ್ದ ಹಡಗುಗಳನ್ನು ಅಮೆರಿಕದ ನೌಕಾಪಡೆ ಮುಳುಗಿಸಿದಾಗಲೇ ಒಂದು ತುದಿ ಕಡಿದುಹೋಯಿತು. ಇನ್ನೊಂದು ತುದಿಯಾದ ಚಿಕುಹೋ ಮತ್ತು ಮೀಕೆ ಗಣಿಗಳು ನಕಾಶೆಯವರು ಹೇಳಿದ ಗೆರೆಯ ಉತ್ತರಕ್ಕೆ ಬರುತ್ತವೆ, ಅಂದರೆ ಕಾದಾಟದ ಬೆನ್ನಿಗೆ. ನಿಜವಾದ ಇತಿಹಾಸದಲ್ಲಿ 1946ರ ಕೊನೆಗೆ ಸರ್ಕಾರ ಕಲ್ಲಿದ್ದಲು ಮತ್ತು ಉಕ್ಕಿಗೆ ಎಲ್ಲಕ್ಕಿಂತ ಮೊದಲ ಆದ್ಯತೆ ಕೊಡುವ ತೀರ್ಮಾನ ಮಾಡಿ ಉದ್ಯಮವನ್ನು ಮೇಲಕ್ಕೆತ್ತಿತು, 1950ರಲ್ಲಿ ಕೊರಿಯಾ ಯುದ್ಧದ ಖರೀದಿಗಳು ಅದಕ್ಕೆ ರೆಕ್ಕೆ ಕೊಟ್ಟವು. ಗಣಿಯಲ್ಲಿ ನೀರು ತುಂಬಿ, ಗಣಿಗಾರರು ಚದುರಿಹೋದ ದೇಶಕ್ಕೆ ಆ ಖರೀದಿಗಳ ಆದೇಶ ಬಂದರೂ ಅದನ್ನು ಪೂರೈಸುವ ಶಕ್ತಿ ಎಲ್ಲಿಂದ ಬರುತ್ತದೆ?

ಶರಾವತಿ ತೀರ:
ಕಣಜದವರಿಗೂ ಗಣಿ ದೀಪದವರಿಗೂ ನಾಹಾದ ಮೇಡಂ ಅವರಿಗೂ ನಾನು ಋಣಿ. ಮೂರು ಅಧ್ಯಾಯಗಳನ್ನು ಹರಿದುಹಾಕಬೇಕಾಗಿದೆ. ಉತ್ತರದಲ್ಲಿ ಸೋವಿಯತ್ ಸೇನೆ ಬರುತ್ತಿತ್ತೇ ಎಂಬುದನ್ನೂ ಯಾರಾದರೂ ತಿಳಿಸುವಿರಾ?

ಹಳೆಯ ನಕಾಶೆ:
1945ರ ಆಗಸ್ಟ್ 16ರಂದು ಸ್ಟಾಲಿನ್ ಅವರು ಕುಶಿರೋದಿಂದ ರುಮೋಯ್‌ವರೆಗಿನ ಗೆರೆಯ ಉತ್ತರಕ್ಕಿರುವ ಹೊಕ್ಕಾಯ್ಡೊವನ್ನು ತಮಗೆ ಬಿಡಬೇಕೆಂದು ಟ್ರೂಮನ್ ಅವರಿಗೆ ಬರೆದರು, ಟ್ರೂಮನ್ ನಿರಾಕರಿಸಿದರು. ನಿಮ್ಮ ಕತೆಯಲ್ಲಿ ಶರಣಾಗತಿಯೇ ಇಲ್ಲವಾದ್ದರಿಂದ ನಿರಾಕರಣೆಗೆ ಬೆಲೆಯಿಲ್ಲ. ಸೆಪ್ಟೆಂಬರ್ ಆರಂಭದ ಹೊತ್ತಿಗೆ ಸಖಾಲಿನ್ ಮತ್ತು ಕುರಿಲ್ ದ್ವೀಪಗಳು ಸೋವಿಯತ್ ಕೈಗೆ ಬಂದಿದ್ದವು. ಕೊರಿಯಾದಲ್ಲಿ ನಡೆದ ವಿಭಜನೆ ಹೊಕ್ಕಾಯ್ಡೊದಲ್ಲಿಯೂ ನಡೆಯುತ್ತಿತ್ತೆಂಬುದು ನನ್ನ ಖಚಿತ ಅಭಿಪ್ರಾಯ.

ಗಣಿ ದೀಪ:
ಖಚಿತ ಎನ್ನಬೇಡಿ. ಕುರಿಲ್ ಸಾಲಿನ ಶುಮ್ಶು ಎಂಬ ಪುಟ್ಟ ದ್ವೀಪವನ್ನು ಹಿಡಿಯಲು ಆಗಸ್ಟ್ 18ರಿಂದ ಹಲವು ದಿನ ಹಿಡಿಯಿತು, ಸೋವಿಯತ್ ಕಡೆ ಸತ್ತವರ, ಗಾಯಗೊಂಡವರ ಸಂಖ್ಯೆ ಸಾವಿರ ದಾಟಿತು. ಅವರ ಬಳಿ ಸೇನೆಯನ್ನು ದಡಕ್ಕಿಳಿಸುವ ದೋಣಿಗಳು ಬಹಳ ಕಡಿಮೆ ಇದ್ದವು.

ಹಳೆಯ ನಕಾಶೆ:
ಒಪ್ಪುತ್ತೇನೆ, ಆದರೆ ಅದು ಆಗಸ್ಟಿನ ಮಾತು. ಯುದ್ಧ 1946ರ ಬೇಸಿಗೆಯವರೆಗೆ ಎಳೆದರೆ ದೋಣಿಗಳನ್ನು ಒದಗಿಸಿಕೊಳ್ಳಲು ಅವರಿಗೆ ಒಂದು ವರ್ಷವೇ ಸಿಗುತ್ತದೆ.

ಮಡಿಕೇರಿಯ ಮಂಜು:
ನಮ್ಮ ಕಡೆಯವರ ಒಂದು ನಂಟನ್ನು ಇಲ್ಲಿ ನೆನಪಿಸಬೇಕು. ಯುದ್ಧ ಮುಗಿದ ಮೇಲೆ ಬ್ರಿಟಿಷ್ ಕಾಮನ್‌ವೆಲ್ತ್ ಪಡೆಯ ಭಾಗವಾಗಿ ಭಾರತದ ಸೈನಿಕರು 1946 ಮತ್ತು 1947ರಲ್ಲಿ ಜಪಾನಿನ ಓಕಾಯಾಮಾ, ಶಿಮಾನೆ, ತೊತ್ತೋರಿ ಪ್ರಾಂತ್ಯಗಳಲ್ಲಿದ್ದರು. ಅವರಲ್ಲಿ 268ನೆಯ ಬ್ರಿಗೇಡನ್ನು ಮುನ್ನಡೆಸಿದವರು ನಮ್ಮ ಕೊಡಗಿನ ಕೆ. ಎಸ್. ತಿಮ್ಮಯ್ಯನವರು. ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲಘು ಪದಾತಿ ದಳದ ಒಂದು ಬೆಟಾಲಿಯನ್ನೂ ಅಲ್ಲಿತ್ತು. ದಾಳಿ ನಡೆದಿದ್ದರೆ ಇವರೆಲ್ಲರೂ ಕಾಂತೋ ಬಯಲಿನಲ್ಲಿ ಕಾದಾಡಬೇಕಾಗುತ್ತಿತ್ತಲ್ಲವೇ?

ಹಳೆಯ ನಕಾಶೆ:
ಕಾದಾಟಕ್ಕೆ ಹೋಗುತ್ತಿರಲಿಲ್ಲವೆಂದು ತೋರುತ್ತದೆ. ಕಾಂತೋ ದಾಳಿಗೆ ಭಾರತದ ಡಿವಿಷನ್ನನ್ನೂ ಸೇರಿಸುವ ಪ್ರಸ್ತಾವವಿತ್ತು, ಆದರೆ ಭಾಷೆ ಮತ್ತು ತರಬೇತಿಯ ತೊಡಕುಗಳನ್ನು ಹೇಳಿ ಅಮೆರಿಕದ ಸೇನಾಪತಿ ಮ್ಯಾಕಾರ್ಥರ್ ಅದನ್ನು ಒಪ್ಪಲಿಲ್ಲ. ಆಕ್ರಮಿತ ಪ್ರದೇಶದ ಆಡಳಿತದಲ್ಲಿ ಮಾತ್ರ ನಿಮ್ಮ ಊಹೆಗೆ ಜಾಗವಿದೆ. ಅಮೆರಿಕದ ಯೋಜನಾ ಸಮಿತಿಯೊಂದು 1945ರ ಆಗಸ್ಟಿನಲ್ಲಿ ಜಪಾನನ್ನು ವಲಯಗಳಾಗಿ ಹಂಚುವ ಕರಡೊಂದನ್ನು ತಯಾರಿಸಿತ್ತು. ಅದರಲ್ಲಿ ಹೊಕ್ಕಾಯ್ಡೊ ಮತ್ತು ಈಶಾನ್ಯ ಭಾಗ ಸೋವಿಯತ್ ಪಾಲಿಗೆ, ಕ್ಯೂಷೂ ಮತ್ತು ಚೂಗೋಕು ಬ್ರಿಟಿಷರ ಪಾಲಿಗೆ ಬರುತ್ತವೆ. ಅದು ಜಾರಿಗೆ ಬರಲಿಲ್ಲ. ಜಪಾನು ಮೊಂಡು ಹಿಡಿದು ಅಮೆರಿಕ ದಣಿದಿದ್ದರೆ ಬರುತ್ತಿತ್ತೇನೋ. ಆಗ ಶಿಬುಶಿಯ ಪಡಿತರದ ಸಾಲನ್ನು ಕಾಯುವವನು ಬೆಳಗಾವಿಯ ಕಡೆಯ ಸಿಪಾಯಿಯೂ ಆಗಿರಬಹುದು. ಅವನೂ 1947ರಲ್ಲಿ ತನ್ನದೇ ದೇಶ ಒಡೆಯುವ ಸುದ್ದಿಯನ್ನು ಅಲ್ಲಿಂದಲೇ ಕೇಳುತ್ತಾನೆ.

ಬೆಳಗಿನ ಗಂಟೆ:
ಇಷ್ಟು ಹೊತ್ತಿನವರೆಗೆ ಯಾರೂ ಶಿಕ್ಷಕಿಯ ಬಗ್ಗೆ ಮಾತಾಡಿಲ್ಲ. ನಾನೂ ಮೂವತ್ತು ವರ್ಷ ಪಾಠ ಮಾಡಿದವಳು, ಆದ್ದರಿಂದ ಕೇಳುತ್ತೇನೆ: ದಾಳಿ ನಡೆದ ದಿನ ಆಕೆ ಏನು ಮಾಡುತ್ತಿದ್ದರು? 1945ರ ಜೂನ್‌ನ ಕಾನೂನಿನ ಪ್ರಕಾರ 15ರಿಂದ 60 ವರ್ಷದ ಗಂಡಸರು, 17ರಿಂದ 40 ವರ್ಷದ ಹೆಂಗಸರು ಎಲ್ಲರೂ ನಾಗರಿಕ ಯೋಧದಳಕ್ಕೆ ಸೇರಬೇಕಾಗಿತ್ತು. ಬಿದಿರಿನ ಈಟಿ ಹಿಡಿಯುವುದನ್ನು ಹುಡುಗಿಯರಿಗೆ ಶಾಲೆಯ ಅಂಗಳದಲ್ಲಿಯೇ ಕಲಿಸುತ್ತಿದ್ದರು. ಒಕಿನಾವಾದಲ್ಲಿ ಹಿಮೆಯುರಿ ದಳವೆಂದು ಕರೆಯಲಾದ 222 ವಿದ್ಯಾರ್ಥಿನಿಯರನ್ನು 18 ಶಿಕ್ಷಕರೇ ಸೇನೆಯ ಆಸ್ಪತ್ರೆಗೆ ಕರೆದೊಯ್ದರು, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮರಳಲಿಲ್ಲ. ಅಂತಹ ಒಬ್ಬ ಶಿಕ್ಷಕಿ ಬದುಕುಳಿದು ಹತ್ತು ವರ್ಷದ ಬಳಿಕ ಅದೇ ಊರಿನಲ್ಲಿ ಹಾಜರಿ ಕರೆಯುತ್ತಿದ್ದಾರೆಂದರೆ, ಸತ್ತ ಮಕ್ಕಳ ತಾಯಂದಿರು ಅವರನ್ನು ಬೀದಿಯಲ್ಲಿ ನೋಡಿದಾಗ ಏನು ಮಾಡುತ್ತಾರೆ? ನನಗೆ ಆ ಕಾದಂಬರಿಯಲ್ಲಿ ಓದಬೇಕೆನ್ನಿಸುವುದು ಇದೊಂದೇ.

ನಾಹಾದಲ್ಲಿ ನಾಲ್ಕು ವರ್ಷ:
ಮೇಡಂ, ನಿಮ್ಮ ಪ್ರಶ್ನೆಗೆ ಯೋಮಿತಾನ್ ಎಂಬ ಊರು ಉತ್ತರ ಕೊಡುತ್ತದೆ. ಅಲ್ಲಿ ಒಂದಕ್ಕೊಂದು ಹೆಚ್ಚು ದೂರವಿಲ್ಲದ ಎರಡು ಗುಹೆಗಳಿವೆ. ಚಿಬಿಚಿರಿ ಗುಹೆಯಲ್ಲಿ ಅಡಗಿದ್ದ ಸುಮಾರು 140 ಜನರಲ್ಲಿ 80ಕ್ಕೂ ಹೆಚ್ಚು ಮಂದಿ, ಅವರಲ್ಲಿ ಬಹಳಷ್ಟು ಮಕ್ಕಳು, ಅಮೆರಿಕದವರು ಇಳಿದ ಮರುದಿನವೇ ತಮ್ಮವರ ಕೈಯಿಂದಲೇ ಸತ್ತರು. ಶತ್ರುವಿನ ಕೈಗೆ ಸಿಕ್ಕರೆ ಸಾವಿಗಿಂತ ಘೋರವಾದದ್ದು ಕಾದಿದೆಯೆಂದು ಅವರಿಗೆ ಹೇಳಿಕೊಡಲಾಗಿತ್ತು. ಶಿಮುಕು ಗುಹೆಯಲ್ಲಿ ಸುಮಾರು 1,000 ಜನರಿದ್ದರು. ಹವಾಯಿಯಲ್ಲಿ ದುಡಿದು ಮರಳಿದ್ದ ಇಬ್ಬರು ಅವರ ನಡುವೆ ಇದ್ದರು. ಅಮೆರಿಕದವರು ಸುಮ್ಮನೆ ಕೊಲ್ಲುವುದಿಲ್ಲವೆಂದು ಅವರಿಬ್ಬರೂ ಜನರನ್ನು ಒಪ್ಪಿಸಿ, ತಾವೇ ಹೊರಗೆ ಹೋಗಿ ಮಾತಾಡಿದರು. ಎಲ್ಲರೂ ಬದುಕಿದರು.

ಚಿಬಿಚಿರಿಯಲ್ಲಿ ಉಳಿದವರು ಅದೇ ಊರಿನಲ್ಲಿ, ಅದೇ ಬೀದಿಗಳಲ್ಲಿ ಬಾಳಿದರು, ಆದರೆ 1983ರವರೆಗೆ ಆ ವಿಷಯ ಹೊರಗೆ ಬರಲಿಲ್ಲ. ಯಾರು ಯಾರನ್ನು ಕೊಂದರೆಂದು ಹೇಳುವುದೆಂದರೆ ಪಕ್ಕದ ಮನೆಯ ಅಜ್ಜಿಯ ಕಡೆಗೆ ಬೆರಳು ತೋರಿಸುವುದಾಗಿತ್ತು. ಆ ಗುಹೆಯ ಬಾಯಿಯವರೆಗೆ ನಾನು ಹೋಗಿದ್ದೇನೆ. ಒಳಗೆ ಹೋಗಬಾರದೆಂದು ಬಂಧುಗಳು ಬರೆಸಿ ನಿಲ್ಲಿಸಿದ್ದಾರೆ. 1955ರಲ್ಲಿ ಶಿಬುಶಿಯ ತಾಯಂದಿರು ಆ ಶಿಕ್ಷಕಿಯನ್ನು ಬೈಯುವುದಿಲ್ಲ. ಅವರು ಯಾರೂ ಏನೂ ಮಾತಾಡುವುದಿಲ್ಲ.

ಬಯಲುಸೀಮೆಯ ಓದುಗ:
ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಚಿಕ್ಕದರ ಲೆಕ್ಕ ದೊಡ್ಡದಕ್ಕೆ ಹೊಂದುವುದಿಲ್ಲವೆಂದು ವಾದಿಸಿದ್ದೆ. ಆ ಮಾತನ್ನು ಅಕ್ಕಿಯ ಮಟ್ಟಿಗೆ ಉಳಿಸಿಕೊಂಡು, ಉಳಿದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಆದರೂ ಒಂದು ಸಂದೇಹವಿದೆ. ಇಷ್ಟು ಮೌನದ ನಡುವೆ ಹೊಸದಾಗಿ ಏನಾದರೂ ಹುಟ್ಟಿತೇ?

ನಾಹಾದಲ್ಲಿ ನಾಲ್ಕು ವರ್ಷ:
ಹುಟ್ಟಿತು, ಅದೂ ಬೇಗನೆ. 1945ರ ಸೆಪ್ಟೆಂಬರಿನಲ್ಲಿ ಶಿಬಿರಗಳೊಳಗೇ ಸ್ಥಳೀಯ ಚುನಾವಣೆ ನಡೆಯಿತು. ಜಪಾನಿನ ಮುಖ್ಯಭೂಮಿಯ ಹೆಂಗಸರು 1946ರ ಏಪ್ರಿಲ್‌ನಲ್ಲಿ ಮತ ಹಾಕುವುದಕ್ಕಿಂತ ಮೊದಲೇ ಒಕಿನಾವಾದ ಹೆಂಗಸರು ಮತ ಹಾಕಿದ್ದರು. ಡಬ್ಬಿಯ ತಗಡು, ಮಂಚದ ಮರ, ಪ್ಯಾರಾಚೂಟಿನ ದಾರ ಸೇರಿಸಿ ಸಾನ್ಶಿನ್ ವಾದ್ಯ ಮಾಡಿಕೊಂಡರು. ಓನಾಹಾ ಬೂತೆನ್ ಎಂಬ ದಂತವೈದ್ಯರು ಇಶಿಕಾವಾ ಶಿಬಿರದಲ್ಲಿ ರಾತ್ರಿ ಮನೆಯಿಂದ ಮನೆಗೆ ಹೋಗಿ "ಜೀವ ಉಳಿದದ್ದಕ್ಕೆ ಹಬ್ಬ ಮಾಡೋಣ" ಎಂದು ಹಾಡಿಸಿದರು. ಸತ್ತವರ ಸೂತಕ ಮುಗಿಯದ ಮನೆಗಳವು. ಹಂದಿಗಳೆಲ್ಲ ನಾಶವಾಗಿದ್ದಾಗ ಹವಾಯಿಯಲ್ಲಿ ನೆಲೆಸಿದ್ದ ಒಕಿನಾವಾದವರು ಹಣ ಕೂಡಿಸಿ 1948ರಲ್ಲಿ ಅಮೆರಿಕದಿಂದ 550 ಹಂದಿಗಳನ್ನು ಹಡಗಿನಲ್ಲಿ ಕಳುಹಿಸಿದರು.

ನಾಹಾ ಪಟ್ಟಣವೇ ಮತ್ತೆ ಹುಟ್ಟಿದ ಬಗೆಯನ್ನೂ ಕೇಳಿ. ಅಮೆರಿಕದ ಸೇನೆ ಪಟ್ಟಣದೊಳಗೆ ಜನರನ್ನು ಬಿಡುತ್ತಿರಲಿಲ್ಲ. ಊಟ ಮಾಡಲು ತಟ್ಟೆ ಬಟ್ಟಲುಗಳೇ ಇರಲಿಲ್ಲವಾದ್ದರಿಂದ 1945ರ ನವೆಂಬರಿನಲ್ಲಿ ಸುಮಾರು ನೂರು ಕುಂಬಾರರಿಗೆ ಮಾತ್ರ ತ್ಸುಬೋಯಾ ಕೇರಿಗೆ ಮರಳಲು ಅನುಮತಿ ಸಿಕ್ಕಿತು. ಅವರ ಹಿಂದೆ ಅವರ ಮನೆಯವರು ಬಂದರು, ಆಮೇಲೆ ಅಂಗಡಿ, ಆಮೇಲೆ ಸಂತೆ. ಕುಂಬಾರರ ಕೇರಿಯಿಂದ ಒಂದು ರಾಜಧಾನಿ ಮತ್ತೆ ಬೆಳೆಯಿತು.

ಶರಾವತಿ ತೀರ:
ನನ್ನ ಕಾರ್ಖಾನೆಗಳನ್ನು ಕೆಡವಿದ್ದೇನೆ. ಶಿಕ್ಷಕಿ ಇನ್ನು ಪಾಠ ಮಾಡುವುದಿಲ್ಲ. ಹೊಲದ ಗಡಿ ಗುರುತಿಸುವ ಸಮಿತಿಯಲ್ಲಿ ಬರೆದುಕೊಳ್ಳುವ ಕೆಲಸ ಅವರದು. ಊರಿನ ಪ್ರತಿ ಮನೆಯ ಹೆಸರುಗಳೂ ಅವರಿಗೆ ಹಾಜರಿ ಪುಸ್ತಕದಿಂದ ಬಾಯಿಪಾಠವಾಗಿವೆ, ಆದ್ದರಿಂದ ಅವರಿಲ್ಲದೆ ಸಮಿತಿಯ ಕೆಲಸ ಸಾಗದು, ಅವರು ಬಂದು ಕುಳಿತರೆ ತಾಯಂದಿರು ತಲೆಯೆತ್ತುವುದಿಲ್ಲ. ಒಂದು ಸಣ್ಣ ವಿಷಯ ಕೇಳಬೇಕಿದೆ. ನವೆಂಬರ್ ಆರಂಭದಲ್ಲಿ ಆ ಸೀಮೆಯ ಹೊಲಗಳಲ್ಲಿ ಏನಿರುತ್ತದೆ?

ಭತ್ತದ ಕಣಜ:
ಗೆಣಸು. ಕಾಗೋಶಿಮಾದ ನೆಲ ಬಹುಪಾಲು ಜ್ವಾಲಾಮುಖಿಯ ಬೂದಿಯ ಮಣ್ಣು. ನೀರು ನಿಲ್ಲುವುದಿಲ್ಲ, ಭತ್ತಕ್ಕೆ ಒಗ್ಗುವುದಿಲ್ಲ, ಗೆಣಸಿಗೆ ಹೇಳಿ ಮಾಡಿಸಿದ್ದು. ಮೇ, ಜೂನ್‌ಗಳಲ್ಲಿ ಬಳ್ಳಿ ನೆಟ್ಟರೆ ಅಗೆಯುವ ಕೆಲಸ ಅಕ್ಟೋಬರ್, ನವೆಂಬರ್‌ಗಳಲ್ಲಿ ನಡೆಯುತ್ತದೆ. ನಿಮ್ಮ ಕತೆಯಲ್ಲಿ ಹಡಗುಗಳು ಕೊಲ್ಲಿಗೆ ಬರುವ ದಿನ ಅರ್ಧ ಹೊಲ ಅಗೆದಿರುತ್ತದೆ, ಅರ್ಧ ನೆಲದೊಳಗಿರುತ್ತದೆ. ಅಗೆದದ್ದನ್ನು ಸೇನೆ ಒಯ್ಯುತ್ತದೆ ಅಥವಾ ಅದು ಸುಟ್ಟುಹೋಗುತ್ತದೆ. ನೆಲದೊಳಗಿದ್ದದ್ದು ಹಿಮ ಬೀಳುವವರೆಗೆ ಒಂದಷ್ಟು ದಿನ ಕೆಡದೆ ಉಳಿಯುತ್ತದೆ. ಗುಹೆಯಿಂದ ಹೊರಗೆ ಬಂದವರು ರಾತ್ರಿ ಹೊತ್ತು ಕೈಯಿಂದ ಮಣ್ಣು ಕೆದಕಿ ತೆಗೆಯುವುದು ಅದನ್ನೇ, ಅದು ಯಾರ ಹೊಲದ್ದೆಂದು ಆಗ ಯಾರೂ ಕೇಳುವುದಿಲ್ಲ.